ತಪಾಸಣೆಯ ಬಳಿಕದ ಕರೆ

ಆರೋಗ್ಯ ಶಿಬಿರವೆಂದರೆ ಶಾಮಿಯಾನ, ವೈದ್ಯರ ಮೇಜು, ಸರದಿಯಲ್ಲಿ ನಿಂತ ಜನ, ಮರುದಿನದ ಪತ್ರಿಕೆಯಲ್ಲೊಂದು ಚಿತ್ರ. ಮೂಲೆಯಲ್ಲಿ ಕುಳಿತು ಹೆಸರು, ಮನೆಯ ಹೆಸರು, ದೂರವಾಣಿ ಸಂಖ್ಯೆ ಬರೆದುಕೊಳ್ಳುವ ಹೆಣ್ಣುಮಗಳತ್ತ ಯಾರ ದೃಷ್ಟಿಯೂ ಹೊರಳದು. ಕ್ಯಾನ್ಸರ್ ತಪಾಸಣೆಯ ಮಟ್ಟಿಗೆ ಆಕೆಯ ಕಾಯಕ ವೈದ್ಯನ ಕಾಯಕಕ್ಕಿಂತ ಕಿರಿದಲ್ಲವೆಂಬುದು ನನ್ನ ಅಭಿಪ್ರಾಯ. ಇದು ನನಗೆ ತಡವಾಗಿ, ನನ್ನದೇ ತಪ್ಪಿನಿಂದ ಮನವರಿಕೆಯಾಯಿತು.

ಆಲೆಟ್ಟಿಯಲ್ಲಿ ಅಡಿಕೆ ಕೇವಲ ಬೆಳೆಯಲ್ಲ, ಬಾಯಿಯ ಅಭ್ಯಾಸವೂ ಹೌದು. ಹೊಗೆಸೊಪ್ಪು ಸೇರದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟ ಹೇಳುತ್ತದೆ. ತೋಟವುಳ್ಳ ನಮಗೆ ರುಚಿಸದ ಮಾತು, ವೈದ್ಯನಾದವನು ಮರೆಮಾಚುವಂತಿಲ್ಲ. ಕೆಲವು ವರ್ಷಗಳ ಹಿಂದೆ ಅಡಿಕೆ ಕೊಯ್ಯುವವರೊಬ್ಬರು ಹಲ್ಲುನೋವೆಂದು ಬಂದರು. ಕೆನ್ನೆಯ ಒಳಗೆ ಒರೆಸಿದರೂ ಹೋಗದ ಬಿಳಿ ಮಚ್ಚೆಯಿತ್ತು. ಸುಶ್ರುತ ಸಂಹಿತೆ 65 ಮುಖರೋಗಗಳನ್ನು ವಿವರಿಸುತ್ತದೆ. ಆದರೂ ಇಂಥ ಮಚ್ಚೆಯನ್ನು ತುಣುಕು ತೆಗೆದು ಪರೀಕ್ಷಿಸದೆ, ಕಷಾಯದಿಂದ ಬಾಯಿ ಮುಕ್ಕಳಿಸಲು ಹೇಳಿ ಕಾಲ ಕಳೆಯಬಾರದು. ಅಷ್ಟು ತಿಳಿದೇ ಸುಳ್ಯದ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. "ಕೊಯ್ಲು ಮುಗಿಯಲಿ ಡಾಕ್ಟ್ರೇ" ಎಂದರು. ನಾನು ಅವರ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿಲ್ಲ. ಅವರು ಮರಳಿ ಬಂದದ್ದು ಒಂದೂವರೆ ವರ್ಷದ ಬಳಿಕ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದಾಗ.

ಇದು ನಮ್ಮೂರಿಗಷ್ಟೇ ಸೀಮಿತವಲ್ಲ. ನೆರೆಯ ಕೇರಳದ ತಿರುವನಂತಪುರದಲ್ಲಿ 1996ರಿಂದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದ ಅಧ್ಯಯನದ ಫಲಿತಾಂಶ 2005ರಲ್ಲಿ ಪ್ರಕಟವಾಯಿತು. ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇಕಡಾ 34ರಷ್ಟು ತಗ್ಗಿತ್ತು. ಅದೇ ವರದಿಯ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ: ಸಂಶಯದ ಲಕ್ಷಣ ಕಂಡುಬಂದ 5,145 ಮಂದಿಯಲ್ಲಿ ಮುಂದಿನ ಪರೀಕ್ಷೆಗೆ ಹೋದವರು 3,218 ಮಾತ್ರ. ಉಳಿದವರು ಕಾಯಿಲೆಯ ಸುಳಿವು ಸಿಕ್ಕಿಯೂ ಕೈತಪ್ಪಿಹೋದವರು.

ಸರಕಾರದ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ಬಾಯಿಯ, ಸ್ತ್ರೀಯರಿಗೆ ಸ್ತನ ಮತ್ತು ಗರ್ಭಕಂಠದ ತಪಾಸಣೆಯಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಪ್ರಶ್ನಾವಳಿ ತುಂಬುತ್ತಾರೆ. ಅದರ ಮುಂದಿನ ಕೆಲಸವೆಲ್ಲ ಕಚೇರಿಯದು: ಯಾರಿಗೆ ಯಾವ ದಿನ, ಯಾರು ಬಂದರು, ಯಾರು ಬರಲಿಲ್ಲ, ಫಲಿತಾಂಶ ತಲುಪಿತೇ. ಇಲ್ಲಿ ಒಂದು ಅಂಕೆ ತಪ್ಪಿದರೆ ಒಬ್ಬ ಮನುಷ್ಯ ತಪ್ಪಿಹೋದಂತೆ. ಕರೆ ಮಾಡುವುದೂ ಸುಲಭವಲ್ಲ. ನಮ್ಮಲ್ಲಿ ತುಳು, ಅರೆಭಾಷೆ, ಮಲಯಾಳ ಆಡುವ ಮನೆಗಳಿವೆ. ಗ್ರಾಂಥಿಕ ಕನ್ನಡದಲ್ಲಿ 'ಹೆಚ್ಚಿನ ಪರೀಕ್ಷೆಗೆ ಹಾಜರಾಗಿ' ಎಂದರೆ ಆ ಕಡೆಯವರು ಹೆದರಿ ಫೋನ್ ಇಟ್ಟುಬಿಡುತ್ತಾರೆ. ಬರೆಸಿದ ಸಂಖ್ಯೆ ಬೆಂಗಳೂರಿನಲ್ಲಿರುವ ಮಗನದ್ದಾಗಿರುತ್ತದೆ. ತಾಯಿಯ ಗರ್ಭಕಂಠದ ವಿಷಯವನ್ನು ಆತನಿಗೆ ಹೇಳಲಾಗದು, ಹೇಳದೆ ಆಕೆಯನ್ನು ಕರೆಸುವುದೂ ಕಷ್ಟ. ಮಧ್ಯಾಹ್ನ ಕರೆದರೆ ತೋಟದಲ್ಲಿರುತ್ತಾರೆ, ಸಂಜೆ ಕರೆದರೆ ನೆಟ್‌ವರ್ಕ್ ಇರುವುದಿಲ್ಲ. ಬಿಳಿ ಮಚ್ಚೆಗಳೆಲ್ಲ ಕ್ಯಾನ್ಸರ್ ಅಲ್ಲವೆಂದು ಧೈರ್ಯ ಹೇಳಬೇಕು, ಹಾಗೆಂದು ಫೋನಿನಲ್ಲೇ ರೋಗನಿರ್ಣಯ ಮಾಡಲೂಬಾರದು. ಈ ವಿವೇಕವುಳ್ಳವರಿಗೆ ನಾವು ಕೊಡುವ ಗೌರವವೂ ಸಂಬಳವೂ ಅತ್ಯಲ್ಪ.

ಶ್ರೀಮಠದ ಭಕ್ತರಲ್ಲಿ ನನ್ನದೊಂದು ವಿನಂತಿ. ಊರಿನಲ್ಲಿ ಶಿಬಿರ ನಡೆಸುವಾಗ ಊಟೋಪಚಾರಕ್ಕೆ ನಾಲ್ವರನ್ನು ನೇಮಿಸುವಂತೆ, ಮುಂದಿನ ಆರು ತಿಂಗಳು ದಾಖಲೆ ಪುಸ್ತಕ ಹಿಡಿದು ಕರೆ ಮಾಡಲು ಇಬ್ಬರನ್ನು ನೇಮಿಸಿರಿ. ಊರಿನ ಮಾತು ಬಲ್ಲ, ಗುಟ್ಟು ಕಾಯಬಲ್ಲ ನಿವೃತ್ತ ಶಿಕ್ಷಕಿಯರಾದರೆ ಉತ್ತಮ. ನನ್ನ ಚಿಕಿತ್ಸಾಲಯದಲ್ಲಿ ಈಗ ಅಂಥದೊಂದು ಪುಸ್ತಕವಿದೆ. ಅದರ ಕೊನೆಯ ಅಂಕಣ 'ಹೋಗಿ ಬಂದರೇ?'. ಇಂದು ಬೆಳಗ್ಗೆ ನೋಡಿದಾಗ ಅಲ್ಲಿ ಮೂರು ಹೆಸರುಗಳ ಮುಂದೆ ಇನ್ನೂ ಖಾಲಿಯಿತ್ತು.