ಬೆಟ್ಟ ಪ್ರದೇಶಗಳಲ್ಲಿ ಸಾಹಸ ಪ್ರವಾಸ: ಇತ್ತೀಚಿನ ಬೆಳವಣಿಗೆಗಳು ಹಾಗೂ ಪೂರ್ವಯೋಜನೆಯ ಮಹತ್ವ

1. ಪೀಠಿಕೆ

ಚಾರಣ, ಬಂಡೆ ಏರುವಿಕೆ, ಪ್ಯಾರಾಗ್ಲೈಡಿಂಗ್, ಜಿಪ್‌ಲೈನ್ ಮುಂತಾದ ಸಾಹಸ ಕ್ರೀಡೆಗಳು ಒಂದು ಕಾಲದಲ್ಲಿ ತರಬೇತಿ ಪಡೆದ ಕೆಲವೇ ಮಂದಿಗೆ ಸೀಮಿತವಾಗಿದ್ದವು. ಇಂದು ಕಾಲೇಜು ವಿದ್ಯಾರ್ಥಿಗಳು, ನೌಕರರು ಹಾಗೂ ಕುಟುಂಬಗಳು ವಾರಾಂತ್ಯದ ರಜೆಯಲ್ಲಿ ಇಂತಹ ತಾಣಗಳಿಗೆ ತೆರಳುವುದು ಸಾಮಾನ್ಯವಾಗಿದೆ. ಇದು ಸ್ವಾಗತಾರ್ಹ ಬೆಳವಣಿಗೆಯೇ ಸರಿ. ಆದರೆ ಪ್ರವಾಸಿಗರ ಸಂಖ್ಯೆ ಹೆಚ್ಚಿದ ಪ್ರಮಾಣದಲ್ಲಿ ಸಿದ್ಧತೆ ಹೆಚ್ಚಿಲ್ಲವೆಂಬುದನ್ನು ಕಳೆದ ಕೆಲವು ವರ್ಷಗಳ ಘಟನೆಗಳು ತೋರಿಸಿಕೊಟ್ಟಿವೆ.

ಸಾಮಾನ್ಯವಾಗಿ ಪ್ರವಾಸದ ಯೋಜನೆಯೆಂದರೆ ಟಿಕೆಟು, ವಸತಿ, ಊಟ ಮತ್ತು ನೋಡಬೇಕಾದ ಸ್ಥಳಗಳ ಪಟ್ಟಿ ಎಂದು ಭಾವಿಸಲಾಗುತ್ತದೆ. ಬೆಟ್ಟ ಪ್ರದೇಶದ ಪ್ರವಾಸಕ್ಕೆ ಇಷ್ಟೇ ಸಾಲದು. ಯಾವ ಸಂದರ್ಭದಲ್ಲಿ ಮುಂದುವರಿಯದೆ ಹಿಂದಿರುಗಬೇಕು ಎಂಬುದನ್ನು ಹೊರಡುವ ಮುನ್ನವೇ ನಿರ್ಧರಿಸಿಕೊಳ್ಳುವುದು ಯೋಜನೆಯ ಪ್ರಮುಖ ಭಾಗವಾಗಿರುತ್ತದೆ. ಈ ಅಂಶವನ್ನು ಇತ್ತೀಚಿನ ಬೆಳವಣಿಗೆಗಳ ಹಿನ್ನೆಲೆಯಲ್ಲಿ ಇಲ್ಲಿ ವಿಶ್ಲೇಷಿಸಲಾಗಿದೆ.

2. ಜನದಟ್ಟಣೆ ಹಾಗೂ ಮುಂಗಡ ಕಾಯ್ದಿರಿಸುವಿಕೆ

2024ರ ಜನವರಿ 26 ಶುಕ್ರವಾರವಾಗಿದ್ದು, ಗಣರಾಜ್ಯೋತ್ಸವದ ರಜೆಯೊಂದಿಗೆ ಶನಿವಾರ ಮತ್ತು ಭಾನುವಾರಗಳು ಸೇರಿದ್ದವು. ಆ ಸಂದರ್ಭದಲ್ಲಿ ಪುಷ್ಪಗಿರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿರುವ ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ಏಕಕಾಲದಲ್ಲಿ ಬಂದು ಸೇರಿದರು. ಕಿರಿದಾದ ಕಾಡುದಾರಿಯಲ್ಲಿ ಜನರು ಸಾಲುಗಟ್ಟಿ ನಿಂತ ದೃಶ್ಯಗಳು ವ್ಯಾಪಕವಾಗಿ ಪ್ರಸಾರವಾದವು. ಇದರ ಹಿನ್ನೆಲೆಯಲ್ಲಿ, ಆನ್‌ಲೈನ್ ಕಾಯ್ದಿರಿಸುವ ವ್ಯವಸ್ಥೆ ಇಲ್ಲದ ಚಾರಣ ಪಥಗಳಿಗೆ ಪ್ರವೇಶವನ್ನು ತಾತ್ಕಾಲಿಕವಾಗಿ ನಿರ್ಬಂಧಿಸುವಂತೆ ಅರಣ್ಯ ಸಚಿವರು ಸೂಚಿಸಿದರು. 2024ರ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯು ‘ಅರಣ್ಯ ವಿಹಾರ’ ಎಂಬ ಜಾಲತಾಣಕ್ಕೆ ಚಾಲನೆ ನೀಡಿತು. ಒಂದು ಚಾರಣ ಪಥಕ್ಕೆ ದಿನವೊಂದಕ್ಕೆ 300 ಮಂದಿ ಎಂಬ ಮಿತಿಯನ್ನು ಆಗ ಪ್ರಕಟಿಸಲಾಯಿತು. ಟಿಕೆಟು ಪಡೆಯುವವರು ಗುರುತಿನ ದಾಖಲೆ ಒದಗಿಸುವುದೂ ಕಡ್ಡಾಯವಾಯಿತು.

ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ ಭಾಗದಲ್ಲಿಯೂ ಇದೇ ದಿಕ್ಕಿನ ಕ್ರಮ ಕೈಗೊಳ್ಳಲಾಯಿತು. ರಾಜ್ಯದ ಅತಿ ಎತ್ತರದ ಈ ಶಿಖರದ ಸಮೀಪದವರೆಗೆ ವಾಹನಗಳು ತಲುಪುವುದರಿಂದ ಅಲ್ಲಿನ ಸಮಸ್ಯೆ ಮುಖ್ಯವಾಗಿ ವಾಹನ ದಟ್ಟಣೆಯದು. 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತವು ವಾಹನಗಳಿಗೆ ಮುಂಗಡ ಆನ್‌ಲೈನ್ ನೋಂದಣಿಯನ್ನು ಜಾರಿಗೆ ತಂದು, ಬೆಳಗಿನ ಮತ್ತು ಮಧ್ಯಾಹ್ನದ ಎರಡು ಅವಧಿಗಳಿಗೆ ತಲಾ 600 ವಾಹನಗಳ ಮಿತಿಯನ್ನು ನಿಗದಿಪಡಿಸಿತು.

ಈ ಮಿತಿಗಳು ಪ್ರವಾಸಿಗರಿಗೆ ತೊಂದರೆ ಕೊಡುವ ಉದ್ದೇಶದಿಂದ ವಿಧಿಸಲಾದವುಗಳಲ್ಲ. ಕುಮಾರ ಪರ್ವತದ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹೊರಡುವವರು ಸುಮಾರು 1,500 ಮೀಟರ್‌ಗೂ ಅಧಿಕ ಎತ್ತರವನ್ನು ಕಾಲ್ನಡಿಗೆಯಲ್ಲಿಯೇ ಏರಬೇಕು. ಇಂತಹ ದಾರಿಯಲ್ಲಿ ಒಬ್ಬರ ಕಾಲು ಉಳುಕಿದರೂ ಅವರನ್ನು ಕೆಳಗೆ ಹೊತ್ತು ತರಲು ಹಲವರು ಬೇಕಾಗುತ್ತಾರೆ. ದಾರಿ ಜನರಿಂದ ತುಂಬಿದ್ದರೆ ರಕ್ಷಣಾ ಕಾರ್ಯವೂ ಸಿಲುಕಿಕೊಳ್ಳುತ್ತದೆ. ಇದಲ್ಲದೆ ಪುಷ್ಪಗಿರಿ, ಕುದುರೆಮುಖ ಮೊದಲಾದ ಅರಣ್ಯಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರ್ಪಡೆಯಾದ ಪಶ್ಚಿಮ ಘಟ್ಟಗಳ ಭಾಗಗಳಾಗಿದ್ದು, ಅಲ್ಲಿನ ಜೀವಸಂಕುಲದ ನೆಮ್ಮದಿಯನ್ನೂ ಗಮನಿಸಬೇಕಾಗುತ್ತದೆ.

ಆದುದರಿಂದ ಅನುಮತಿ ದೊರೆತ ನಂತರವೇ ರಜೆ, ವಾಹನ ಹಾಗೂ ವಸತಿಯನ್ನು ಗೊತ್ತುಪಡಿಸುವುದು ಸೂಕ್ತ. ಮೊದಲು ಹಣ ಪಾವತಿಸಿ ಅನಂತರ ಅನುಮತಿ ದೊರೆಯದಿದ್ದಾಗ, ಅನುಮತಿಯಿಲ್ಲದ ಅಡ್ಡದಾರಿಗಳಲ್ಲಿ ಪ್ರವೇಶಿಸುವ ಪ್ರಲೋಭನೆ ಉಂಟಾಗುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಕಾಳ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಮಂದಿ ಚಾರಣಿಗರು ಮೃತಪಟ್ಟ ಪ್ರಕರಣವು, ಬೇಸಿಗೆಯಲ್ಲಿ ಅರಣ್ಯ ಪ್ರವೇಶಕ್ಕೆ ನಿರ್ಬಂಧ ವಿಧಿಸುವುದರ ಕಾರಣವನ್ನು ಸ್ಪಷ್ಟಪಡಿಸುತ್ತದೆ.

3. ಋತುಮಾನಕ್ಕೆ ತಕ್ಕ ಆಯ್ಕೆ

ಮಲೆನಾಡಿನ ಬೆಟ್ಟಗಳಿಗೆ ಸಂಬಂಧಿಸಿದಂತೆ ವರ್ಷದ ಪ್ರತಿಯೊಂದು ಅವಧಿಗೂ ಅದರದೇ ಆದ ತೊಡಕುಗಳಿವೆ. ಮುಂಗಾರಿನಲ್ಲಿ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಬೆಳಿಗ್ಗೆ ದಾಟಿದ ಹಳ್ಳವು ಸಂಜೆಯ ವೇಳೆಗೆ ದಾಟಲಾಗದಷ್ಟು ತುಂಬಿ ಹರಿಯಬಹುದು. ಮಂಜು ಕವಿದಾಗ ಹುಲ್ಲುಗಾವಲಿನ ದಾರಿ ಕಾಣಿಸುವುದಿಲ್ಲ. ಘಟ್ಟದ ರಸ್ತೆಗಳ ಸ್ಥಿತಿಯನ್ನೂ ಗಮನದಲ್ಲಿರಿಸಿಕೊಳ್ಳಬೇಕು. 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಸಂಭವಿಸಿದ ಗುಡ್ಡ ಕುಸಿತವು ರಾಷ್ಟ್ರೀಯ ಹೆದ್ದಾರಿಯಲ್ಲಿಯೇ ಜೀವಹಾನಿಗೆ ಕಾರಣವಾಯಿತು. ಇಂಬಳಗಳ ಕಾಟವು ಅಪಾಯಕಾರಿಯಲ್ಲದಿದ್ದರೂ ಸಿದ್ಧತೆಯಿಲ್ಲದವರನ್ನು ಕಂಗೆಡಿಸುತ್ತದೆ.

ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಅವಧಿಯಲ್ಲಿ ಮಂಗನ ಕಾಯಿಲೆಯ ಬಗ್ಗೆ ಎಚ್ಚರ ವಹಿಸಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಪತ್ತೆಯಾದ ಈ ರೋಗವು ಉಣುಗುಗಳ ಕಡಿತದಿಂದ ಹರಡುತ್ತದೆ. ರೋಗವಿರುವ ಪ್ರದೇಶಗಳಲ್ಲಿ ಮೈ ಮುಚ್ಚುವ ಉಡುಪು ಧರಿಸುವುದು, ಆರೋಗ್ಯ ಇಲಾಖೆ ಸೂಚಿಸುವ ಡೆಪಾ ತೈಲವನ್ನು ಲೇಪಿಸಿಕೊಳ್ಳುವುದು, ಹಿಂದಿರುಗಿದ ಕೂಡಲೇ ಬಿಸಿನೀರಿನಲ್ಲಿ ಸ್ನಾನ ಮಾಡುವುದು ಅಗತ್ಯ. ಪ್ರವಾಸದ ನಂತರದ ದಿನಗಳಲ್ಲಿ ಜ್ವರ ಕಾಣಿಸಿಕೊಂಡರೆ, ತಾವು ಯಾವ ಕಾಡಿಗೆ ಹೋಗಿದ್ದರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

4. ರಾಜ್ಯದ ಬೆಟ್ಟಗಳು ಹಾಗೂ ಹಿಮಾಲಯ: ಮೂಲಭೂತ ವ್ಯತ್ಯಾಸ

ರಾಜ್ಯದ ಬೆಟ್ಟಗಳನ್ನು ಹತ್ತಿ ಅನುಭವ ಪಡೆದ ಅನೇಕರು ಮುಂದಿನ ಹೆಜ್ಜೆಯಾಗಿ ಹಿಮಾಚಲ ಪ್ರದೇಶ ಹಾಗೂ ಉತ್ತರಾಖಂಡ ರಾಜ್ಯಗಳತ್ತ ತೆರಳುತ್ತಾರೆ. ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಅರಿಯಬೇಕಾಗಿದೆ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಎತ್ತರದ ಕಾರಣದಿಂದ ಉಂಟಾಗುವ ಅಸ್ವಸ್ಥತೆಯು ಸಾಮಾನ್ಯವಾಗಿ 2,500 ಮೀಟರ್‌ಗಿಂತ ಮೇಲೆ ಕಾಣಿಸಿಕೊಳ್ಳುತ್ತದೆ. ಅಂದರೆ, ಕರ್ನಾಟಕದ ಎಲ್ಲ ಶಿಖರಗಳನ್ನು ಏರಿದವರಿಗೂ ಈ ಅಸ್ವಸ್ಥತೆಯ ಅನುಭವವಾಗಿರುವುದಿಲ್ಲ. 4,000 ಮೀಟರ್ ಎತ್ತರದಲ್ಲಿ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದರ ಸುಮಾರು ಶೇ. 60ರಷ್ಟು ಮಾತ್ರ. ದೇಹದಾರ್ಢ್ಯ ಉತ್ತಮವಾಗಿರುವವರಿಗೂ ತಲೆನೋವು, ವಾಕರಿಕೆ, ಉಬ್ಬಸ ಬರಬಹುದು. ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಅಥವಾ ವಿಶ್ರಾಂತಿಯಲ್ಲಿಯೂ ಉಸಿರಾಟದ ತೊಂದರೆ ಕಂಡುಬಂದರೆ ತಡಮಾಡದೆ ಕೆಳಗಿಳಿಯುವುದೇ ಪ್ರಮುಖ ಚಿಕಿತ್ಸೆ.

3,000 ಮೀಟರ್‌ಗಿಂತ ಮೇಲೆ ಮಲಗುವ ಸ್ಥಳದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಹಾಗೂ ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ವಿಶ್ರಾಂತಿ ಪಡೆಯಬೇಕು ಎಂಬುದು ವೈದ್ಯಕೀಯ ವಲಯದಲ್ಲಿ ಒಪ್ಪಿತವಾದ ಸೂಚನೆ. ಪ್ರವಾಸ ಸಂಸ್ಥೆಯು ನೀಡುವ ದಿನಚರಿಯನ್ನು ಈ ಸೂಚನೆಯೊಂದಿಗೆ ಹೋಲಿಸಿ ನೋಡುವುದು ಯಾರಿಗಾದರೂ ಸಾಧ್ಯ.

2024ರ ಜೂನ್ ತಿಂಗಳ ದುರಂತವು ರಾಜ್ಯದ ಜನತೆಯ ನೆನಪಿನಲ್ಲಿದೆ. ಉತ್ತರಾಖಂಡದ ಸಹಸ್ರತಾಲ್ ಪ್ರದೇಶಕ್ಕೆ ತೆರಳಿದ್ದ 22 ಮಂದಿಯ ತಂಡವು, 4,000 ಮೀಟರ್‌ಗಿಂತ ಎತ್ತರದ ಬಯಲಿನಲ್ಲಿ ಹಿಮಗಾಳಿಗೆ ಸಿಲುಕಿತು. ತಂಡದಲ್ಲಿದ್ದ ಕರ್ನಾಟಕದ 9 ಮಂದಿ ಮೃತಪಟ್ಟರು. ಉಳಿದ 13 ಮಂದಿಯನ್ನು ವಾಯುಪಡೆ ಹಾಗೂ ರಾಜ್ಯ ವಿಪತ್ತು ಸ್ಪಂದನಾ ಪಡೆಗಳ ನೆರವಿನಿಂದ ರಕ್ಷಿಸಲಾಯಿತು. ಕರ್ನಾಟಕ ಸರ್ಕಾರದ ಪರವಾಗಿ ಕಂದಾಯ ಸಚಿವರು ಡೆಹ್ರಾಡೂನ್‌ಗೆ ತೆರಳಿ ಸಮನ್ವಯ ಕಾರ್ಯ ಕೈಗೊಂಡರು. ಜೂನ್ ಆರಂಭವು ಬಯಲುಸೀಮೆಯ ಜನರಿಗೆ ಬೇಸಿಗೆಯ ಕೊನೆಯ ದಿನಗಳಾಗಿ ತೋರಿದರೂ, ಆ ಎತ್ತರದಲ್ಲಿ ಗಾಳಿ ಮತ್ತು ಹಿಮ ಒಟ್ಟುಗೂಡಿದರೆ ಕೆಲವೇ ಗಂಟೆಗಳಲ್ಲಿ ದೇಹದ ಶಾಖ ಕುಸಿಯುತ್ತದೆ. ಎತ್ತರವು ಸಾವಿರ ಮೀಟರ್ ಹೆಚ್ಚಿದಂತೆ ತಾಪಮಾನವು ಸರಾಸರಿ 6 ಡಿಗ್ರಿ ಸೆಲ್ಸಿಯಸ್‌ಗೂ ಅಧಿಕ ಪ್ರಮಾಣದಲ್ಲಿ ಇಳಿಯುತ್ತದೆ. ಉಡುಪು ಒದ್ದೆಯಾಗಿದ್ದರೆ ಪರಿಣಾಮ ಇನ್ನೂ ತೀವ್ರ.

5. ಸಾಹಸ ಕ್ರೀಡಾ ತಾಣಗಳಲ್ಲಿ ಪರಿಶೀಲಿಸಬೇಕಾದ ಅಂಶಗಳು

ಚಾರಣದಲ್ಲಿ ಪ್ರವಾಸಿಗನ ನಿರ್ಧಾರವು ಮುಖ್ಯವಾದರೆ, ಪ್ಯಾರಾಗ್ಲೈಡಿಂಗ್ ಹಾಗೂ ಜಿಪ್‌ಲೈನ್‌ಗಳಲ್ಲಿ ಆತನ ಜೀವವು ಬಹುಮಟ್ಟಿಗೆ ಮತ್ತೊಬ್ಬರ ಕೌಶಲ್ಯ ಹಾಗೂ ಸಲಕರಣೆಗಳನ್ನು ಅವಲಂಬಿಸಿರುತ್ತದೆ. 2025ರ ಜನವರಿ 18ರಂದು ಗೋವಾದ ಕೇರಿ ಎಂಬಲ್ಲಿ ಪ್ಯಾರಾಗ್ಲೈಡಿಂಗ್ ವೇಳೆ ಪ್ರವಾಸಿ ಮಹಿಳೆ ಹಾಗೂ ಚಾಲಕ ಇಬ್ಬರೂ ಮೃತಪಟ್ಟರು. ಅದೇ ತಿಂಗಳು ಹಿಮಾಚಲ ಪ್ರದೇಶದ ಧರ್ಮಶಾಲಾ ಬಳಿಯೂ ಇಂತಹ ಹಾರಾಟದಲ್ಲಿ ಪ್ರವಾಸಿಯೊಬ್ಬರು ಜೀವ ಕಳೆದುಕೊಂಡರು.

ಹಿಮಾಚಲ ಪ್ರದೇಶವು 2004ರಲ್ಲಿಯೇ ವಾಯು ಕ್ರೀಡೆಗಳ ನಿಯಮಗಳನ್ನು ರೂಪಿಸಿದೆ. ಚಾಲಕರು ಮತ್ತು ನಿರ್ವಾಹಕರು ಅಲ್ಲಿನ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. 2015ರಲ್ಲಿ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದ ಬೀರ್-ಬಿಲ್ಲಿಂಗ್ ಸೇರಿದಂತೆ ಆ ರಾಜ್ಯದಲ್ಲಿ ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ ಮಳೆಗಾಲದ ಕಾರಣ ಹಾರಾಟವನ್ನು ನಿಷೇಧಿಸಲಾಗುತ್ತದೆ. ಈ ಅವಧಿಯಲ್ಲಿ ಹಾರಾಟಕ್ಕೆ ಕರೆಯುವವರು ನಿಯಮ ಉಲ್ಲಂಘಿಸುತ್ತಿದ್ದಾರೆಂದೇ ತಿಳಿಯಬೇಕು.

ಬಂಡೆ ಏರುವಿಕೆಯಲ್ಲಿ ಆಸಕ್ತಿಯುಳ್ಳವರು ಮೊದಲು ತರಬೇತಿ ಪಡೆಯುವುದು ಕ್ಷೇಮಕರ. ರಾಮನಗರದ ಗ್ರಾನೈಟ್ ಬಂಡೆಗಳು ಹಾಗೂ ಬಾದಾಮಿಯ ಮರಳುಗಲ್ಲಿನ ಬಂಡೆಗಳು ಈ ಕ್ರೀಡೆಗೆ ಹೆಸರಾಗಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಸಾಹಸ ಕ್ರೀಡೆಗಳಲ್ಲಿ ತರಬೇತಿ ನೀಡುತ್ತದೆ.

ಯಾವುದೇ ಸಾಹಸ ತಾಣದಲ್ಲಿ ಹಣ ಪಾವತಿಸುವ ಮುನ್ನ ಈ ಕೆಳಕಂಡವುಗಳನ್ನು ಕೇಳಿ ತಿಳಿಯುವುದು ಪ್ರವಾಸಿಗರ ಹಕ್ಕು:

(ಅ) ನಿರ್ವಾಹಕರ ನೋಂದಣಿ ಹಾಗೂ ಚಾಲಕ ಅಥವಾ ತರಬೇತುದಾರರ ಪರವಾನಗಿ, ಅದರ ಅವಧಿ.
(ಆ) ಹಾರ್ನೆಸ್, ಹಗ್ಗ, ಹೆಲ್ಮೆಟ್‌ಗಳ ಸ್ಥಿತಿ ಮತ್ತು ಅವುಗಳನ್ನು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ.
(ಇ) ದೇಹದ ತೂಕ, ವಯಸ್ಸು ಹಾಗೂ ಆರೋಗ್ಯದ ಮಿತಿಗಳು. ಇವುಗಳನ್ನು ಕೇಳದೆಯೇ ಟಿಕೆಟು ನೀಡುವ ಕಡೆ ಹಿಂಜರಿಯುವುದು ಒಳಿತು.
(ಈ) ಗಾಳಿ ಅಥವಾ ಮಳೆಯ ಕಾರಣ ಚಟುವಟಿಕೆ ರದ್ದಾದರೆ ಹಣ ಮರುಪಾವತಿಯ ಷರತ್ತು.
(ಉ) ವಿಮೆಯ ವ್ಯಾಪ್ತಿ. ಅನೇಕ ಅಪಘಾತ ಮತ್ತು ಪ್ರವಾಸ ವಿಮಾ ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರತುಪಡಿಸಿರುತ್ತವೆ.

‘ಎಲ್ಲ ಹೊಣೆಯೂ ನನ್ನದೇ’ ಎಂಬ ಮುಚ್ಚಳಿಕೆಗೆ ಸಹಿ ಪಡೆಯುವುದು ರೂಢಿಯಲ್ಲಿದೆ. ಸಹಿ ಮಾಡಿದ ಮಾತ್ರಕ್ಕೆ ನಿರ್ವಾಹಕರ ನಿರ್ಲಕ್ಷ್ಯವನ್ನು ಪ್ರಶ್ನಿಸುವ ಹಕ್ಕು ತಾನಾಗಿಯೇ ಇಲ್ಲವಾಗುವುದಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಸೇವಾ ನ್ಯೂನತೆ ಹಾಗೂ ಅನ್ಯಾಯದ ಕರಾರುಗಳ ವಿರುದ್ಧ ದೂರು ಸಲ್ಲಿಸಲು ಅವಕಾಶವಿದೆ. ಆದರೆ ಪರಿಹಾರವು ದುರ್ಘಟನೆಯ ನಂತರದ ಮಾತು. ಪ್ರಶ್ನೆಗಳನ್ನು ಮೊದಲೇ ಕೇಳುವುದಕ್ಕೆ ಅದು ಪರ್ಯಾಯವಲ್ಲ.

6. ವೆಚ್ಚದ ಲೆಕ್ಕ ಹಾಗೂ ಹಿಂದಿರುಗುವ ನಿರ್ಧಾರ

ಅಪಾಯದ ಸೂಚನೆ ಕಂಡರೂ ಜನರು ಮುಂದುವರಿಯುವುದೇಕೆ ಎಂಬುದು ಆಲೋಚಿಸಬೇಕಾದ ವಿಷಯ. ಇದಕ್ಕೆ ಧೈರ್ಯವೊಂದೇ ಕಾರಣವಲ್ಲ. ಬೆಂಗಳೂರಿನಿಂದ ದೆಹಲಿಗೆ ಸಾಮಾನ್ಯ ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದೂವರೆ ದಿನಕ್ಕೂ ಹೆಚ್ಚು ಕಾಲ ಬೇಕು. ಅಲ್ಲಿಂದ ಮನಾಲಿಗೆ 500 ಕಿಲೋಮೀಟರ್‌ಗೂ ಅಧಿಕ ದೂರದ ರಸ್ತೆ ಪ್ರಯಾಣ. ಹತ್ತು ದಿನಗಳ ರಜೆ ಪಡೆದ ನೌಕರನಿಗೆ ಬೆಟ್ಟದಲ್ಲಿ ಉಳಿಯುವುದು ನಾಲ್ಕೈದು ದಿನಗಳು ಮಾತ್ರ. ಹವಾಮಾನ ಕೆಟ್ಟರೆ ಕಾಯಲು ಒಂದು ದಿನವೂ ಇರುವುದಿಲ್ಲ. ಇಷ್ಟು ಖರ್ಚು ಮಾಡಿ ಬಂದು ಬರಿಗೈಯಲ್ಲಿ ಹಿಂದಿರುಗುವುದೇ ಎಂಬ ಭಾವನೆ ಆಗ ಬಲಗೊಳ್ಳುತ್ತದೆ.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಈ ತರ್ಕವು ದೋಷಪೂರಿತವಾದುದು. ಈಗಾಗಲೇ ಖರ್ಚಾದ ಹಣವು ಮುಂದುವರಿದರೂ ಹಿಂದಿರುಗಿದರೂ ಮರಳಿ ಬರುವುದಿಲ್ಲ. ಆದುದರಿಂದ ಮುಂದಿನ ನಿರ್ಧಾರದಲ್ಲಿ ಅದನ್ನು ಪರಿಗಣಿಸತಕ್ಕದ್ದಲ್ಲ. ಪರಿಗಣಿಸಬೇಕಾದುದು ಮುಂದಿನ ಹೆಜ್ಜೆಯ ಲಾಭ ಹಾಗೂ ಅಪಾಯ ಮಾತ್ರ. ಆಯಾಸ ಮತ್ತು ಚಳಿಯ ನಡುವೆ ಈ ವಿವೇಚನೆ ಕಷ್ಟವಾದುದರಿಂದ ಮನೆಯಲ್ಲಿಯೇ, ಕಾಗದದ ಮೇಲೆ, ಈ ನಿರ್ಧಾರಗಳನ್ನು ಬರೆದಿಟ್ಟುಕೊಳ್ಳುವುದು ಸೂಕ್ತ:

(1) ಶಿಖರ ತಲುಪಿರಲಿ, ತಲುಪದಿರಲಿ, ಇಂತಿಷ್ಟು ಗಂಟೆಗೆ ಹಿಂದಿರುಗುವುದು.
(2) ತಂಡದ ಯಾರೊಬ್ಬರು ಅಸ್ವಸ್ಥರಾದರೂ ಅವರೊಂದಿಗೆ ಜೊತೆಗಾರರು ಕೆಳಗಿಳಿಯುವುದು. ಯಾರನ್ನೂ ಒಂಟಿಯಾಗಿ ಬಿಡದಿರುವುದು.
(3) ಕನಿಷ್ಠ ಒಂದು ದಿನ ಹಾಗೂ ಅದರ ವೆಚ್ಚವನ್ನು ಕಾಯ್ದಿರಿಸುವುದು.
(4) ಹೋಗುವ ದಾರಿ ಮತ್ತು ಹಿಂದಿರುಗುವ ಸಮಯವನ್ನು ಮನೆಯವರಿಗೆ ಲಿಖಿತವಾಗಿ ತಿಳಿಸುವುದು.
(5) ಮಾರ್ಗದರ್ಶಕರು ಬೇಡವೆಂದಾಗ ವಾದಿಸದೆ ಒಪ್ಪಿಕೊಳ್ಳುವುದು.

7. ಉಪಸಂಹಾರ

ಸರ್ಕಾರವು ಮಿತಿಗಳನ್ನು ನಿಗದಿಪಡಿಸಬಹುದು, ನೋಂದಣಿಯನ್ನು ಕಡ್ಡಾಯಗೊಳಿಸಬಹುದು, ರಕ್ಷಣಾ ಪಡೆಗಳನ್ನು ಕಳುಹಿಸಬಹುದು. ಆದರೆ ಬೆಟ್ಟದ ನಡುವೆ ನಿಂತು ಸಾಕೆಂದು ನಿರ್ಧರಿಸಬೇಕಾದವರು ಪ್ರವಾಸಿಗರೇ. ಇಂದು ಹಿಂದಿರುಗಿದವರಿಗೆ ಅದೇ ಬೆಟ್ಟವನ್ನು ಮುಂದಿನ ವರ್ಷ ಏರುವ ಅವಕಾಶ ಉಳಿದಿರುತ್ತದೆ.

ಪ್ರವೇಶದ ಮಿತಿ, ಶುಲ್ಕ ಹಾಗೂ ನಿರ್ಬಂಧದ ಅವಧಿಗಳು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ, ಹೊರಡುವ ಮುನ್ನ ಸಂಬಂಧಪಟ್ಟ ಇಲಾಖೆ ಅಥವಾ ಜಿಲ್ಲಾಡಳಿತದ ಪ್ರಕಟಣೆಗಳನ್ನು ಪರಿಶೀಲಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ. ತುರ್ತು ಸಂದರ್ಭಗಳಲ್ಲಿ 112 ಸಂಖ್ಯೆಗೆ ಹಾಗೂ ಸೇವಾ ನ್ಯೂನತೆಯ ದೂರುಗಳಿಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದಾಗಿದೆ.