ಧಾರಾವಾಹಿಯ ಪಾತ್ರಗಳಿಗೆ ‘ನಿನ್ನೆ’ ಎಂಬುದುಂಟೆ?

ಸಂಜೆಯಾಯಿತೆಂದರೆ ನಮ್ಮ ಮನೆಮನೆಯ ಕಿರುತೆರೆಯ ಮೇಲೆ ಯಾರಾದರೊಬ್ಬರ ಹಳೆಯ ರಹಸ್ಯ ಬಯಲಾಗುತ್ತಿರುತ್ತದೆ. ಇನ್ನೂರು ಕಂತುಗಳವರೆಗೆ ಒಬ್ಬಳೇ ಮಗಳಾಗಿದ್ದವಳಿಗೆ ಇದ್ದಕ್ಕಿದ್ದಂತೆ ಒಬ್ಬ ಅವಳಿ ಅಕ್ಕ ಹುಟ್ಟುತ್ತಾಳೆ. ಹುಟ್ಟುವಾಗಲೇ ಆಕೆಗೆ ಇಪ್ಪತ್ತೈದು ವರ್ಷ. ಸೊಸೆಯ ಹಾಲಿಗೆ ವಿಷ ಬೆರೆಸಿದ ಅತ್ತೆಗೆ ಎರಡು ಕಂತುಗಳಷ್ಟು ಕಣ್ಣೀರಿನ ಬಾಲ್ಯ ದೊರಕುತ್ತದೆ. ಮೂರನೆಯ ಕಂತಿಗೆ ಆಕೆ ಪೂಜ್ಯಳು. ಇದನ್ನು ‘ರೋಚಕ ತಿರುವು’ ಎಂದು ಜಾಹೀರಾತಿನಲ್ಲಿ ಸಾರುತ್ತಾರೆ. ಇದು ನೋಡುಗನಿಗೆ ಮಾಡುವ ವಂಚನೆಯೆಂದು ನನ್ನ ವಾದ. ಮಾತು ಕಟುವಾಯಿತೆಂದು ತೋರಿದರೆ ವಾಚಕರು ಕಾರಣವನ್ನೂ ಕೇಳಬೇಕು.

ಪಾತ್ರಕ್ಕೆ ಪೂರ್ವಕಥೆ ಬೇಕು, ಮುಂದಾಗುವುದರ ಸುಳಿವು ಹಿಂದೆಯೇ ದೊರೆತಿರಬೇಕು. ಇದರಲ್ಲಿ ಯಾರಿಗೂ ತಕರಾರಿಲ್ಲ. ನನ್ನ ತಕರಾರು ಕ್ರಮದ ಬಗ್ಗೆ. ಮನುಷ್ಯನ ನಿನ್ನೆ ಅವನ ಇಂದಿನ ನಡೆಯಲ್ಲಿ ಸದಾ ದುಡಿಯುತ್ತಿರುತ್ತದೆ. ಹಸಿದು ಬೆಳೆದವನು ಉಣ್ಣುವ ರೀತಿಯೇ ಬೇರೆ; ಮೋಸಹೋದವಳು ಬಾಗಿಲು ಹಾಕಿಕೊಳ್ಳುವ ರೀತಿಯೇ ಬೇರೆ. ಕಥೆಗಾರನು ಆ ನಡೆಯನ್ನು ಮೊದಲು ತೋರಿ, ಕಾರಣವನ್ನು ಆಮೇಲೆ ಹೇಳಿದರೆ ಅದು ಪೂರ್ವಕಥೆ. ನಡೆಯಲ್ಲಿ ಒಂದು ಗುರುತನ್ನೂ ಬಿಡದೆ, ಕಥೆ ಕುಂಟಿದ ದಿನ ಹಳೆಯ ಸಂಗತಿಯೊಂದನ್ನು ಹುಟ್ಟಿಸಿದರೆ ಅದು ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸ. ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿ ನೋಡು ಎಂದರು ಹಿರಿಯರು. ನಮ್ಮ ಧಾರಾವಾಹಿಕಾರರು ಮೊಳಕೆಯ ಗೊಡವೆಯೇ ಬೇಡವೆಂದು ಬೆಳೆದ ಮರವನ್ನೇ ತಂದು ನಿಲ್ಲಿಸುತ್ತಾರೆ. ಅದು ಮಾರನೆಯ ವಾರ ಬಾಡುತ್ತದೆ.

ಈ ವಿದ್ಯೆ ಹೊರಗಿನಿಂದ ಕಲಿಯಬೇಕಾದುದೂ ಅಲ್ಲ. ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ಉಂಗುರವಿಲ್ಲ, ಶಾಪವೂ ಇಲ್ಲ. ಅವೆರಡನ್ನೂ ಕಾಳಿದಾಸ ತಂದುಕೊಂಡ. ತಂದುಕೊಂಡವನು ಅವಸರಪಡಲಿಲ್ಲ. ಮೊದಲನೆಯ ಅಂಕದಲ್ಲೇ, ಗಿಡಗಳಿಗೆ ನೀರೆರೆಯುವ ಋಣವೊಂದರಿಂದ ಶಕುಂತಲೆಯನ್ನು ಬಿಡಿಸುವ ನೆವದಲ್ಲಿ, ದುಷ್ಯಂತನ ಕೈಯಿಂದ ಆ ಉಂಗುರವನ್ನು ಹೊರಕ್ಕೆ ತೆಗೆಸುತ್ತಾನೆ. ಸಖಿಯರು ಅದರ ಮೇಲಿನ ಹೆಸರನ್ನು ಓದಿ ಮುಖಮುಖ ನೋಡಿಕೊಳ್ಳುತ್ತಾರೆ. ಆಗ ಅದೊಂದು ಸರಸದ ಪ್ರಸಂಗ, ಅಷ್ಟೆ. ಆರನೆಯ ಅಂಕದಲ್ಲಿ ಬೆಸ್ತನ ಕೈಯಲ್ಲಿ ಅದೇ ಉಂಗುರ ಕಂಡಾಗ ಅದು ನಮಗೆ ಹಳೆಯ ಪರಿಚಯ. ಮೊದಲ ಅಂಕದಲ್ಲಿ ಸಿಡಿಲು ಬಡಿಯಲಿಲ್ಲ, ಯಾರ ಮುಖವನ್ನೂ ಮೂರು ಕೋನಗಳಿಂದ ಮೂರು ಸಲ ತೋರಿಸಲಿಲ್ಲ. ನಮ್ಮವರಿಗಾದರೋ ಸೂಚನೆಯೆಂದರೆ ಸಿಡಿಲು, ಇಲ್ಲವೇ ‘ಇಂದು ರಾತ್ರಿ ತಪ್ಪದೆ ನೋಡಿ’ ಎಂಬ ಡಂಗುರ.

ಇನ್ನು ಪೂರ್ವಕಥೆ. ಸಾವಿರ ವರ್ಷಗಳ ಹಿಂದೆ ನಮ್ಮ ರನ್ನ ಗದಾಯುದ್ಧದಲ್ಲಿ ಭಾರತದ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ಹೇಳಿದ. ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಹೀಗೆ ಒಂದೊಂದು ಶವ ಕಾಲಿಗೆ ಅಡ್ಡವಾದಂತೆ ಹಿಂದಿನದೊಂದು ತಾನಾಗಿ ಎದ್ದು ಬರುತ್ತದೆ. ಸಿಂಹ ತಿರುಗಿ ನೋಡುವುದು ಮುಂದೆ ನಡೆಯುತ್ತಲೇ. ನಮ್ಮ ಧಾರಾವಾಹಿಯಾದರೋ ಹಿಂದಕ್ಕೆ ತಿರುಗಿದರೆ ಅಲ್ಲಿಯೇ ಕುಳಿತುಬಿಡುತ್ತದೆ.

‘ಅವು ಕಾವ್ಯ ನಾಟಕಗಳು, ನಾವು ದಿನಕ್ಕೊಂದು ಕಂತು ಹೆಣೆಯುವವರು, ಕಥೆ ಎಲ್ಲಿ ಮುಗಿಯುವುದೆಂಬುದೇ ತಿಳಿಯದು, ಬೀಜ ಬಿತ್ತುವುದು ಹೇಗೆ?’ ಎಂಬುದು ಬರೆಯುವವರ ಅಳಲು. ಅದರಲ್ಲಿ ಸತ್ಯವಿದೆ. ವಾರವಾರವೂ ಬರುವ ಟಿ.ಆರ್.ಪಿ. ಅಂಕಿಗಳು ಕಥೆಯ ಕುತ್ತಿಗೆಗೆ ಹಗ್ಗ ಹಾಕಿರುತ್ತವೆ. ನಟಿ ನಡುವೆ ಬಿಟ್ಟುಹೋದರೆ ಪಾತ್ರ ಸಾಯಬೇಕಾಗುತ್ತದೆ. ಆದರೆ ಕೊನೆ ತಿಳಿಯದಿರುವುದು ನೆಪವಾಗಲಾರದು. ಅಮೆರಿಕದಲ್ಲಿ 2008ರಿಂದ 2013ರವರೆಗೆ ಐದು ಋತುಗಳಲ್ಲಿ ಬಂದ ‘ಬ್ರೇಕಿಂಗ್ ಬ್ಯಾಡ್’ ಧಾರಾವಾಹಿಯನ್ನು ನೋಡಿ. ಐದನೆಯ ಋತುವಿನ ಮೊದಲ ದೃಶ್ಯದಲ್ಲಿ ನಾಯಕ ವಾಲ್ಟರ್ ವೈಟ್ ಒಂದು ದೊಡ್ಡ ಮೆಷಿನ್ ಗನ್ ಕೊಳ್ಳುತ್ತಾನೆ. ಅದು ಯಾರ ಮೇಲೆ ಸಿಡಿಯುವುದೆಂದು ಆ ದೃಶ್ಯ ಬರೆದಾಗ ತಮಗೇ ತಿಳಿದಿರಲಿಲ್ಲವೆಂದು ಧಾರಾವಾಹಿಯ ಕರ್ತೃ ವಿನ್ಸ್ ಗಿಲಿಗನ್ ಆಮೇಲೆ ಹೇಳಿದ್ದಾರೆ. ಆದರೂ 2012ರಲ್ಲಿ ತೋರಿದ ಬಂದೂಕು 2013ರ ಕೊನೆಯ ಕಂತಿನಲ್ಲಿ ಸಿಡಿಯಿತು. ಮಾಡಿದ ಸಾಲವನ್ನು ಲೆಕ್ಕದಲ್ಲಿಟ್ಟುಕೊಂಡು ತೀರಿಸಿದರು. ನಮ್ಮಲ್ಲಿ ಕೊರತೆಯಿರುವುದು ಈ ಲೆಕ್ಕದ್ದು.

ಅದೇ ವಾಲ್ಟರನ ಪೂರ್ವಕಥೆಯೂ ಒಂದು ಪಾಠ. ತಾನೇ ಸೇರಿ ಕಟ್ಟಿದ ಕಂಪೆನಿಯನ್ನು ಬಿಟ್ಟು ಬಂದ ಬಡ ಮೇಷ್ಟರು ಆತ. 2008ರ ಮೊದಲ ಋತುವಿನಲ್ಲೇ, ಆತನ ಕ್ಯಾನ್ಸರ್ ಚಿಕಿತ್ಸೆಯ ಖರ್ಚನ್ನು ಕೊಡಲು ಆ ಹಳೆಯ ಪಾಲುದಾರ ಮುಂದೆ ಬರುತ್ತಾನೆ, ಈತ ಒಲ್ಲೆನೆನ್ನುತ್ತಾನೆ. ಸೊಕ್ಕನ್ನು ನಾವು ಅಂದೇ ಕಂಡೆವು. ತನ್ನ ಪಾಲನ್ನು 5,000 ಡಾಲರಿಗೆ ಮಾರಿದ್ದನೆಂದೂ, ಈಗ 216 ಕೋಟಿ ಡಾಲರ್ ಬಾಳುವ ಆ ಕಂಪೆನಿಯ ಬೆಲೆಯನ್ನು ವಾರವಾರವೂ ನೋಡಿಕೊಳ್ಳುತ್ತಾನೆಂದೂ ಆತನ ಬಾಯಿಂದಲೇ ಕೇಳಿದ್ದು 2012ರಲ್ಲಿ. ನಾಲ್ಕು ವರ್ಷ ಕಂಡ ಸೊಕ್ಕಿಗೆ ಆ ಎರಡು ಅಂಕಿಗಳಲ್ಲಿ ಬೇರು ಸಿಕ್ಕಿತು. ಅವನನ್ನು ಹಾಗೆಂದು ಕ್ಷಮಿಸಿರೆಂದು ಮಾತ್ರ ಕಥೆ ನಮ್ಮನ್ನು ಬೇಡಲಿಲ್ಲ.

ನನ್ನ ದೂರಿನ ತಿರುಳು ಇಲ್ಲಿದೆ. ಪೂರ್ವಕಥೆ ಅಪರಾಧವನ್ನು ವಿವರಿಸಬೇಕು. ನಮ್ಮಲ್ಲಿ ಅದು ಅಪರಾಧವನ್ನು ತೊಳೆಯುವ ತೀರ್ಥವಾಗಿದೆ. ವಿಷವಿಕ್ಕಿದವಳು ಎಳವೆಯಲ್ಲಿ ನೊಂದಿದ್ದಳೆಂದ ಮಾತ್ರಕ್ಕೆ ವಿಷ ಹಾಲಾಗುವುದಿಲ್ಲ. ನೊಂದೂ ಕೇಡು ಮಾಡದವರು ನಮ್ಮ ಮನೆಗಳಲ್ಲೇ ಎಷ್ಟು ಮಂದಿಯಿಲ್ಲ! ಅವರೂ ನಿತ್ಯ ಸಂಜೆ ಇದನ್ನೇ ನೋಡುತ್ತಾರೆ. ಮನುಷ್ಯ ಕಾರಣವಿಲ್ಲದೆ ಕೆಡುತ್ತಾನೆ, ಎರಡು ಹನಿ ಕಣ್ಣೀರಿಗೆ ಒಳ್ಳೆಯವನಾಗುತ್ತಾನೆ ಎಂಬ ಪಾಠ ಅವರಿಗೆ ದಿನವೂ ಆಗುತ್ತಿದೆ. ಇದು ಬರಿಯ ಕಸುಬಿನ ದೋಷವೆಂದು ತಳ್ಳಿಹಾಕಲಾದೀತೆ?

ಪರಿಹಾರ ದುಬಾರಿಯದೇನಲ್ಲ. ಪ್ರತಿಯೊಂದು ಪಾತ್ರಕ್ಕೂ ಒಂದು ಪುಸ್ತಕವಿಡಲಿ: ಇದು ಹುಟ್ಟಿದ್ದೆಲ್ಲಿ, ಅಂಜುವುದೇತಕ್ಕೆ, ಯಾವ ಮಾತನ್ನು ಬಾಯಿಬಿಟ್ಟು ಆಡಲಾರದು. ಹಳೆಯ ಗುಟ್ಟೊಂದನ್ನು ಒಡೆಯುವ ಮೊದಲು, ಅದರ ನೆರಳು ಹಿಂದಿನ ಯಾವ ಮೂರು ಕಂತುಗಳಲ್ಲಿ ಬಿದ್ದಿದೆಯೆಂದು ಬರೆದವರೇ ತೋರಿಸಲಿ. ತೋರಿಸಲಾಗದಿದ್ದರೆ ಗುಟ್ಟು ಗುಟ್ಟಾಗಿಯೇ ಉಳಿಯಲಿ. ವಾಹಿನಿಯವರು ಬರೆಯುವವರಿಗೆ ನಾಲ್ಕು ದಿನ ಬಿಡುವು ಕೊಡಲಿ. ಸೆಟ್ಟಿನ ಮೇಲೆ ಕುಳಿತು ಮಧ್ಯಾಹ್ನದ ಮಾತನ್ನು ಬೆಳಿಗ್ಗೆ ಬರೆಯುವವನಿಂದ ಕಾಳಿದಾಸನನ್ನು ನಿರೀಕ್ಷಿಸುವುದು ಅನ್ಯಾಯವೇ ಸರಿ.

ನೋಡುಗರ ಪಾಲಿಗೂ ಒಂದು ಕೆಲಸವಿದೆ. ಮುಂದಿನ ಸಲ ತೆರೆಯ ಮೇಲೆ ಅವಳಿ ಅಕ್ಕ ಪ್ರತ್ಯಕ್ಷಳಾದಾಗ ‘ಅಯ್ಯೋ ಪಾಪ’ ಎನ್ನುವ ಮೊದಲು, ‘ಇಷ್ಟು ದಿನ ಎಲ್ಲಿದ್ದೆ ತಾಯಿ?’ ಎಂದು ಕೇಳಿ. ಉತ್ತರ ಬಾರದಿದ್ದರೆ, ಟೀವಿ ಆರಿಸುವ ಗುಂಡಿ ನಮ್ಮ ಕೈಯಲ್ಲೇ ಇದೆಯಷ್ಟೆ.