ಗಪ್ಪಿ ತೊಟ್ಟಿಗಿರಲಿ, ಕೆರೆಗೆ ಬೇಡ

ನಮ್ಮ ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ನಾಲೆ ನೀರು. ಕೆ.ಆರ್. ಪೇಟೆ, ನಾಗಮಂಗಲದಲ್ಲಿ ಹೇಮಾವತಿ ನಾಲೆ ಮುಟ್ಟಿದ ಊರು ಬಿಟ್ಟರೆ ಕೆರೆ, ಬಾವಿ, ಬೋರ್‌ವೆಲ್. ನೀರು ಬರುವ ದಾರಿ ಬೇರೆಯಾದರೂ ಸೊಳ್ಳೆ ಕಾಟ ಎಲ್ಲರಿಗೂ ಒಂದೇ. ಹಾಗಾಗಿ ಗಪ್ಪಿ, ಗ್ಯಾಂಬೂಸಿಯಾ ಎಂಬ ಎರಡು ಪುಟ್ಟ ಮೀನುಗಳ ಹೆಸರು ಹಳ್ಳಿಗಳಲ್ಲಿ ಕೇಳಿಬರುತ್ತಿದೆ. 'ಬಿಡಬೇಕೋ ಬೇಡವೋ' ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಮೊದಲು ಎಲ್ಲಿ ಬಿಡ್ತೀರಿ ಹೇಳಿ.

ನಮ್ಮ ಸೀಮೆಗೆ ಸೊಳ್ಳೆಯ ಕಥೆ ಹೊಸದಲ್ಲ. ಕನ್ನಂಬಾಡಿ ಕಟ್ಟೆಯ ವಿಶ್ವೇಶ್ವರಯ್ಯ ನಾಲೆ, ಅಂದರೆ ಆಗಿನ ಇರ್ವಿನ್ ನಾಲೆ, 1930ರ ದಶಕದಲ್ಲಿ ಹರಿದಾಗ ಭತ್ತ, ಕಬ್ಬಿನ ಜೊತೆ ಮಲೇರಿಯಾವೂ ಬಂತು. ಗ್ಯಾಂಬೂಸಿಯಾ ಅದಕ್ಕೂ ಮುಂಚೆ, 1928ರಲ್ಲೇ, ಇಟಲಿಯಿಂದ ಬೆಂಗಳೂರಿಗೆ ಬಂದಿತ್ತು. ಅದರ ಮೂಲ ನೆಲೆ ಅಮೆರಿಕ. ಗಪ್ಪಿಯ ತವರು ದಕ್ಷಿಣ ಅಮೆರಿಕದ ಉತ್ತರ ಭಾಗ. ಎರಡೂ ಪರದೇಶದವೇ.

ಗಪ್ಪಿ ಬೆರಳುದ್ದವೂ ಇಲ್ಲ. ಗಂಡಿಗೆ ಬಣ್ಣದ ಬಾಲ, ಹೆಣ್ಣು ದಪ್ಪ, ಬೂದು ಬಣ್ಣ. ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ, ಸುಮಾರು ತಿಂಗಳಿಗೊಂದು ಸಲ, ಹತ್ತಾರು ಮರಿ. ನೀರಿನ ಮೇಲ್ಭಾಗದಲ್ಲೇ ಓಡಾಡಿಕೊಂಡು ಸೊಳ್ಳೆ ಹುಳು ತಿನ್ನುತ್ತದೆ. ಕೊಳಕು ನೀರನ್ನೂ ತಡೆದುಕೊಳ್ಳುತ್ತದೆ. ಗ್ಯಾಂಬೂಸಿಯಾದ ಗಂಡಿಗೆ ಬಣ್ಣವಿಲ್ಲ. ತಂದ ಬಕೆಟ್‌ನಲ್ಲಿ ಬಣ್ಣದ ಮೀನು ಒಂದೂ ಇಲ್ಲದಿದ್ದರೆ ಗ್ಯಾಂಬೂಸಿಯಾ ಇರಬಹುದೆಂಬ ಗುಮಾನಿ ಇರಲಿ.

ಇವುಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ರೇಷ್ಮೆ ಸಾಕುವ ಮನೆಗೆ ಡಿಡಿಟಿ ಹೊಡೆಸಲು ಯಾರು ಒಪ್ಪುತ್ತಾರೆ? ಸೊಳ್ಳೆಯ ಜೊತೆ ಹುಳುವೂ ಸಾಯುತ್ತದೆ. ಅಲ್ಲಿ ಮೀನೇ ದಾರಿ. ಕೋಲಾರ ಜಿಲ್ಲೆಯ ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ 1990ರ ದಶಕದಲ್ಲಿ ಬಾವಿಗಳಿಗೆ ಗಪ್ಪಿ ಬಿಟ್ಟಾಗ ಮಲೇರಿಯಾ ಇಳಿಯಿತು. ಈಗ ನಮಗೆ ಮಲೇರಿಯಾಕ್ಕಿಂತ ಡೆಂಗಿ ಭಯ. 2024ರಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಸಾರಿತು. ಡೆಂಗಿ ಸೊಳ್ಳೆ ಹುಟ್ಟುವುದು ಮನೆ ಹತ್ತಿರದ ನಿಂತ ನೀರಿನಲ್ಲಿ. ನಮ್ಮ ಹಟ್ಟಿಯ ದನದ ತೊಟ್ಟಿಯಲ್ಲಿ ಏಳೆಂಟು ಗಪ್ಪಿ ಇವೆ, ಸೊಳ್ಳೆ ಹುಳು ಕಾಣುವುದಿಲ್ಲ. ದನ ಮೂತಿ ಇಟ್ಟ ಕೂಡಲೇ ತಳಕ್ಕೆ ಓಡುತ್ತವೆ.

ಆದರೆ ಕೆರೆ ತೊಟ್ಟಿಯಲ್ಲ. ಗ್ಯಾಂಬೂಸಿಯಾ ಸೊಳ್ಳೆ ಹುಳುವಿಗೇ ನಿಲ್ಲುವುದಿಲ್ಲ. ಬೇರೆ ಮೀನಿನ ಮೊಟ್ಟೆ, ಮರಿ, ಕಪ್ಪೆಯ ಗೊದಮೊಟ್ಟೆ ಎಲ್ಲಕ್ಕೂ ಬಾಯಿ ಹಾಕುತ್ತದೆ, ದೊಡ್ಡ ಮೀನಿನ ರೆಕ್ಕೆ ಕಚ್ಚುತ್ತದೆ. ಲೋಕದ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗಪ್ಪಿ ಅಷ್ಟು ಜಗಳಗಂಟಿಯಲ್ಲ, ಆದರೆ ಅದು ಹೆಚ್ಚುವ ವೇಗಕ್ಕೆ ನಮ್ಮ ಸಣ್ಣ ಮೀನಿನ ಜಾಗ ಹೋಗುತ್ತದೆ. ಕೆರೆ ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಮರಿ ಬಿಟ್ಟವರು ಇದನ್ನು ಯೋಚಿಸಬೇಕು. ಒಮ್ಮೆ ಕೆರೆ ಸೇರಿದ್ದನ್ನು ಬಲೆ ಹಾಕಿ ಹೊರಗೆ ತೆಗೆಯಲಾಗದು. ಕೋಡಿ ಬಿದ್ದರೆ ಕೆಳಗಿನ ಕೆರೆಗೂ ಇಳಿಯುತ್ತದೆ.

ಕೆರೆಗೆ, ಗದ್ದೆಗೆ ಕಾವಲುಗಾರರು ಮೊದಲೇ ಇದ್ದಾರೆ. ನೀರಿನ ಮೇಲುಗಡೆ ಈಜುತ್ತಾ, ಬಾಯಿ ಮೇಲಕ್ಕೆ ಮಾಡಿಕೊಂಡಿರುವ ಸಣ್ಣ ದೇಸಿ ಮೀನುಗಳೂ ಸೊಳ್ಳೆ ಹುಳು ತಿನ್ನುತ್ತವೆ. ನೀರಿನಡಿಯ ಏರೋಪ್ಲೇನ್ ಚಿಟ್ಟೆಯ ಮರಿಗಳೂ ತಿನ್ನುತ್ತವೆ. ಇವನ್ನು ಕೊಲ್ಲುತ್ತಿರುವುದು ನಾವೇ ಗದ್ದೆಗೆ ಹೊಡೆಯುವ ಔಷಧಿ. ಸಿಂಪಡಿಸಿದ ಪಂಪನ್ನು ನಾಲೆಯಲ್ಲಿ ತೊಳೆಯುತ್ತೇವೆ, ಆಮೇಲೆ ಸೊಳ್ಳೆ ಜಾಸ್ತಿಯಾಯ್ತು, ಹೊರಗಿನ ಮೀನು ಕೊಡಿ ಅಂತೀವಿ. ಇದು ಯಾವ ನ್ಯಾಯ?

ಆದ್ದರಿಂದ ನನ್ನ ಸಲಹೆ: ಸಿಮೆಂಟ್ ತೊಟ್ಟಿ, ದನದ ಬಾನಿ, ಬಳಸದ ಬಾವಿ, ಇಷ್ಟಕ್ಕೇ ಗಪ್ಪಿ ಇರಲಿ. ನಾಲ್ಕಾರು ಹೆಣ್ಣು, ಎರಡು ಗಂಡು ಸಾಕು, ಉಳಿದದ್ದನ್ನು ಅವೇ ನೋಡಿಕೊಳ್ಳುತ್ತವೆ. ತೊಟ್ಟಿ ತೊಳೆಯುವಾಗ ಬಟ್ಟೆಯಲ್ಲಿ ಸೋಸಿ ಬಕೆಟ್‌ಗೆ ಹಾಕಿಕೊಳ್ಳಿ, ಮೋರಿಗೆ ಚೆಲ್ಲಬೇಡಿ. ತುಂಬಿ ಹರಿಯುವ ಕೊಳವೆ ಬಾಯಿಗೆ ಸಣ್ಣ ಜಾಲರಿ ಕಟ್ಟಿ. ಬ್ಲೀಚಿಂಗ್ ಪುಡಿ ಹಾಕಿದರೆ ಮೀನು ಸಾಯುತ್ತದೆ, ನೆನಪಿರಲಿ. ಗ್ಯಾಂಬೂಸಿಯಾ ಯಾರು ತಂದುಕೊಟ್ಟರೂ ಬೇಡ ಅನ್ನಿ.

ಯಾರಾದರೂ ಬಕೆಟ್ ಹಿಡಿದು ಊರ ಕೆರೆಯ ಏರಿ ಹತ್ತಿದರೆ ತಡೆದು ಕೇಳಿ. ತೊಟ್ಟಿ ಒಬ್ಬರದು, ಕೆರೆ ಊರಿನದು.